ಮೊದಲ ಬಟ್ಟಲು

ಮೇಜುಬಟ್ಟೆಯ ನಡುಮಡಿಕೆ ಎರಡು ಬೆರಳಿನಷ್ಟು ಓರೆಯಾಗಿತ್ತು. ಕುರ್ಚಿಯಲ್ಲಿ ಕೂತು ಇನ್ನೂ ಬೆನ್ನು ಒರಗಿಸಿರಲಿಲ್ಲ, ಅಷ್ಟರಲ್ಲೇ ಇಸ್ತ್ರಿಯಕ್ಕನ ಕಣ್ಣಿಗೆ ಅದು ಬಿತ್ತು. ಹೆಬ್ಬೆರಳಿನಿಂದ ಮಡಿಕೆಯನ್ನು ಒಂದು ಸಲ ಒತ್ತಿ ಎಳೆದು ನೋಡಿದಳು. ತನ್ನ ಕೈಯ ಕೆಲಸವಂತೂ ಅಲ್ಲ. ಲಾಂಡ್ರಿಯಲ್ಲಿ ಪಕ್ಕದಲ್ಲಿ ನಿಂತು ಇಸ್ತ್ರಿ ಮಾಡುವವಳದೇ ಇರಬೇಕು. ಆ ಮಹಾತಾಯಿಗೆ ಕೈಗಿಂತ ಬಾಯಿ ಮುಂದೆ.

“ಅಮ್ಮಾ, ಬಟ್ಟೆ ಬಿಡು. ಇವತ್ತು ಊಟಕ್ಕೆ ಬಂದಿದೀಯ, ಡ್ಯೂಟಿಗಲ್ಲ,” ಎಂದು ಮಗಳು ನಕ್ಕಳು.

“ನಂಗೂ ಗೊತ್ತು ಕಣೇ. ಕೈ ಕೇಳಬೇಕಲ್ಲ.”

ಸ್ಟೇಷನ್ನಿನ ಹಿಂದಿನ ದೊಡ್ಡ ಲಾಂಡ್ರಿಯಲ್ಲಿ ಅವಳದು ಇಪ್ಪತ್ತೆರಡು ವರ್ಷದ ದುಡಿಮೆ. ಮೊದಲ ಹತ್ತು ವರ್ಷ ಕಲೆ ತೆಗೆಯುವ ತೊಟ್ಟಿಯ ಹತ್ತಿರ, ಆಮೇಲೆ ಇಸ್ತ್ರಿ. ಅಲ್ಲಿನವರಿಗೆಲ್ಲ ಅವಳು ಇಸ್ತ್ರಿಯಕ್ಕ. ಈ ಹಳೆಯ ಹೋಟೆಲಿನ ಮೇಜುಬಟ್ಟೆ, ಕೈವಸ್ತ್ರ, ಸಪ್ಲೈಯರುಗಳ ಬಿಳಿ ಕೋಟು ಎಲ್ಲ ಸೋಮವಾರ ಮತ್ತು ಗುರುವಾರ ಆ ಲಾಂಡ್ರಿಗೇ ಬರುತ್ತಿದ್ದವು. ಹಾಗಾಗಿ ಒಳಗೆ ಕಾಲಿಡದೆಯೂ ಹೋಟೆಲಿನ ಸಮಾಚಾರವೆಲ್ಲ ಅವಳಿಗೆ ಗೊತ್ತಿತ್ತು. ಯಾವ ದಿನ ವೈನು ಜಾಸ್ತಿ ಹರಿಯಿತು, ಯಾವ ಮೇಜಿನಲ್ಲಿ ಮಕ್ಕಳಿದ್ದರು, ಯಾರು ತುಟಿಯ ಬಣ್ಣವನ್ನು ಕೈವಸ್ತ್ರಕ್ಕೆ ಒರೆಸಿ ಎದ್ದು ಹೋದರು, ಎಲ್ಲವನ್ನೂ ಬಟ್ಟೆಯೇ ಹೇಳುತ್ತಿತ್ತು. ಹಿರಿಯ ಸಪ್ಲೈಯರನ ಕತ್ತಿನ ಅಳತೆ ಕೂಡ ಅವಳಿಗೆ ಬಾಯಿಪಾಠ. ಮುಖ ಮಾತ್ರ ಇವತ್ತೇ ಕಂಡದ್ದು. ಎಪ್ಪತ್ತರ ಹತ್ತಿರದ ಆ ಮನುಷ್ಯ ಅವಳ ಕುರ್ಚಿಯನ್ನು ಹಿಂದಕ್ಕೆಳೆದು, ಅವಳು ಕೂರುವ ಹೊತ್ತಿಗೆ ಮೆಲ್ಲಗೆ ಮುಂದಕ್ಕೆ ತಳ್ಳಿದ್ದ. ಹುಟ್ಟಿದಾಗಿನಿಂದ ಯಾರೂ ಅವಳಿಗೆ ಕುರ್ಚಿ ಎಳೆದುಕೊಟ್ಟವರಲ್ಲ. ಬಿದ್ದೇ ಹೋದೆ ಅಂದುಕೊಂಡು ಮೇಜು ಹಿಡಿದುಕೊಂಡಿದ್ದಳು.

ಬರೀ ಹೊಟ್ಟೆ ಹಸಿಯಿತೆಂದು ಈ ಹೋಟೆಲಿಗೆ ಯಾರೂ ಬರುವುದಿಲ್ಲ. ಏನಾದರೂ ಆಗಿರಬೇಕು. ಮದುವೆ ಗೊತ್ತಾಗಿರಬೇಕು, ಕೆಲಸದಿಂದ ನಿವೃತ್ತಿಯಾಗಿರಬೇಕು, ಇಲ್ಲವೇ ಆಪರೇಷನ್ ಆಗಿ ಬದುಕಿ ಮನೆಗೆ ಬಂದಿರಬೇಕು. ಎತ್ತರದ ಚಾವಣಿ, ಉದ್ದ ಕೋಲಿನ ಫ್ಯಾನುಗಳು, ಅಂಚಿನಲ್ಲಿ ಕಂದುಗಟ್ಟಿದ ನಿಲುಗನ್ನಡಿಗಳು, ಮಟಮಟ ಮಧ್ಯಾಹ್ನವೂ ಉರಿಯುವ ಹಿತ್ತಾಳೆಯ ದೀಪಗಳು. ಹೊರಗೆ ಬಸ್ಸುಗಳು ಕಿರುಚಿಕೊಂಡರೂ ದಪ್ಪ ಪರದೆಗಳ ಒಳಗೆ ಚಮಚದ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಎಂಥ ಬಾಯಿಬಡುಕರೂ ಇಲ್ಲಿಗೆ ಬಂದರೆ ಪಿಸುಗುಟ್ಟುತ್ತಾರೆ.

ಇವರ ಮನೆಯಲ್ಲಿ ಆದದ್ದೇನೆಂದರೆ, ಮಗಳು ಕೊನೆಯ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಬರುವ ಸೋಮವಾರದಿಂದ ಊರಿನ ಲೋಕಲ್ ಟ್ರೈನನ್ನು ಒಬ್ಬಳೇ ಓಡಿಸುವವಳು. ಹನ್ನೆರಡು ಬೋಗಿ, ಎರಡು ಸಾವಿರ ಜನ, ಎಲ್ಲರಿಗಿಂತ ಮುಂದೆ ಇಪ್ಪತ್ತನಾಲ್ಕು ವರ್ಷದ ಈ ಹುಡುಗಿ. ಸುದ್ದಿ ಬಂದ ದಿನ ಇಸ್ತ್ರಿಯಕ್ಕ ಲಾಂಡ್ರಿಯ ಉದ್ದಕ್ಕೂ ಓಡಾಡಿ ಮೂವತ್ತು ಜನಕ್ಕೂ ಹೇಳಿದ್ದಳು. ಕಿವಿ ಮಂದವಾದ ಬಾಯ್ಲರಿನವನಿಗೆ ಎರಡು ಸಲ ಹೇಳಿದ್ದಳು.

ಮೇಜಿನ ಆಚೆ ಬದಿಗೆ ಹುಡುಗಿಯ ಅಪ್ಪ ಕೂತಿದ್ದ. ಲಿಫ್ಟ್ ರಿಪೇರಿಯವನು. ಹದಿನಾಲ್ಕು ವರ್ಷದ ಹಿಂದೆ ಅವನು ಮನೆ ಬಿಟ್ಟು ಹೋದಾಗ ಜಗಳ ರಂಪ ಏನೂ ಆಗಿರಲಿಲ್ಲ. ತನ್ನ ಮಹಡಿ ಬಂತು ಅನ್ನುವ ಹಾಗೆ ಇಳಿದು ಹೋಗಿದ್ದ. ಅವನ ಮೇಲಿನ ಸಿಟ್ಟು ಇಸ್ತ್ರಿಯಕ್ಕನಿಗೆ ಎಂದೋ ಆರಿಹೋಗಿತ್ತು. ಈಗ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅವನ ಪಕ್ಕದಲ್ಲಿ ಅವನ ಈಗಿನ ಹೆಂಡತಿ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಮನೆಯವರಿಗೂ ಹೊರಗಿನವರಿಗೂ ಅವಳು ಟೀಚರ್.

ಟೀಚರ್ ಮೇಲೆ ಇದ್ದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಇಸ್ತ್ರಿಯಕ್ಕ ಅದಕ್ಕೆ ಬೇರೆ ಹೆಸರಿಡುವ ಗೋಜಿಗೆ ಹೋದವಳಲ್ಲ. ಗಂಡನನ್ನು ಕಟ್ಟಿಕೊಂಡಳೆಂದು ಅಲ್ಲವೇ ಅಲ್ಲ. ಆ ಮನುಷ್ಯನನ್ನು ಯಾರು ಬೇಕಾದರೂ ಇಟ್ಟುಕೊಳ್ಳಲಿ, ಗೊರಕೆ ಸಮೇತ. ಉರಿಯೆಲ್ಲ ಮಗಳ ವಿಷಯಕ್ಕೆ. ಎಂಟು ವರ್ಷದ ಹಿಂದೆ, ಲೆಕ್ಕದಲ್ಲಿ ಎರಡೆರಡು ಸಲ ಡುಮ್ಕಿ ಹೊಡೆದು ಮೂಲೆ ಹಿಡಿದಿದ್ದ ಹುಡುಗಿ, ಒಂದು ಶನಿವಾರ ಅಪ್ಪನ ಹೊಸ ಮನೆಗೆ ಹೋಗಿ ಬಂದವಳು, “ಅಮ್ಮಾ, ಟೀಚರ್ ಹೇಳಿಕೊಟ್ರೆ ಅರ್ಥ ಆಗುತ್ತೆ ಅಮ್ಮ,” ಅಂದಿದ್ದಳು. ಅಲ್ಲಿಂದ ಶುರು. ಪ್ರತಿ ಶನಿವಾರ, ಪ್ರತಿ ಭಾನುವಾರ. ಬ್ರೇಕು ಹಿಡಿದ ಮೇಲೆ ಟ್ರೈನು ಎಷ್ಟು ದೂರ ಹೋಗಿ ನಿಲ್ಲುತ್ತದೆ ಅನ್ನುವ ಲೆಕ್ಕವನ್ನು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಳಿ ಬರೆದು ಮಾಡಿದರಂತೆ. ಮನೆಗೆ ಬಂದು ಮಗಳು ಅದನ್ನೆಲ್ಲ ಕುಣಿಯುತ್ತ ಹೇಳುವಾಗ ಇಸ್ತ್ರಿಯಕ್ಕ ಹೂಂಗುಟ್ಟುತ್ತ ಕೂರುತ್ತಿದ್ದಳು. ವಾರದಲ್ಲಿ ಐದು ದಿನ ಊಟ ಹಾಕಿದವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ಫೀಸಿನ ತಿಂಗಳಲ್ಲಿ ಎರಡೆರಡು ಪಾಳಿ ನಿಂತವಳು ತಾನು. ಮಗಳ ಕಣ್ಣು ಮಿನುಗುವುದು ಮಾತ್ರ ಉಳಿದ ಎರಡು ದಿನದ ಸುದ್ದಿಗೆ.

ಹೋದ ವಾರವಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಪಾಸಾದ ಖುಷಿಗೆ ಮಗಳು ಇಬ್ಬರಿಗೂ ಉಡುಗೊರೆ ತಂದಿದ್ದಳು. ಅಮ್ಮನಿಗೆ ದಪ್ಪ ಮೆತ್ತನೆಯ ಅಟ್ಟೆಯ ಕಪ್ಪು ಬೂಟು. “ನಿಂತೂ ನಿಂತೂ ನಿನ್ನ ಹಿಮ್ಮಡಿ ಸತ್ತು ಹೋಗಿದೆ ಅಮ್ಮ. ಡಾಕ್ಟರು ಹೇಳಿದ್ದು ಇಂಥದ್ದೇ. ಮೂರು ಅಂಗಡಿ ತಿರುಗಿದೆ ಗೊತ್ತಾ?” ಟೀಚರಿಗೆ ರೇಷ್ಮೆಯ ಶಾಲು. ತಿಳಿಬೂದು ಬಣ್ಣ, ಕಣ್ಣಿಗೆ ಕಾಣದಷ್ಟು ಸಣ್ಣ ನೇಯ್ಗೆ. ಇಸ್ತ್ರಿಯಕ್ಕ ಎರಡನ್ನೂ ಒಂದೇ ಮೇಜಿನ ಮೇಲೆ ನೋಡಿದ್ದಳು. ಉಪಯೋಗಕ್ಕೆ ಬರುವುದು ಅಮ್ಮನಿಗೆ, ಚೆಂದದ್ದು ಟೀಚರಿಗೆ. ತಾನೇನು ಮನೆಯ ಉಪಯೋಗಕ್ಕೆ ಇಟ್ಟ ವಸ್ತುವಾ? ಇವತ್ತು ಹಟ ಹಿಡಿದು ಬೂಟನ್ನು ಮನೆಯಲ್ಲೇ ಬಿಟ್ಟು, ಹಳೆಯ ಚೂಪು ಮೂತಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಅದು ಬಸ್ ಸ್ಟಾಪಿನಿಂದಲೇ ಕಿರುಬೆರಳನ್ನು ಕಚ್ಚುತ್ತಿತ್ತು. ಎದುರಿಗೆ ಟೀಚರ್ ಶಾಲು ಹೊದ್ದುಕೊಂಡು ಕೂತಿದ್ದಳು. ಒಪ್ಪುತ್ತಿತ್ತು ಬೇರೆ.

ಇಷ್ಟೆಲ್ಲ ನುಂಗಿಕೊಂಡು ಇಸ್ತ್ರಿಯಕ್ಕ ಇಲ್ಲಿಗೆ ಬಂದದ್ದು ಒಂದು ಆಸೆಯಿಂದ.

ಈ ಹೋಟೆಲಿನಲ್ಲೊಂದು ರಿವಾಜಿತ್ತು. ಯಾರ ಸಂತೋಷಕ್ಕೆ ಊಟ ನಡೆಯುತ್ತಿದೆಯೋ ಅವರೇ ಎದ್ದು ನಿಂತು, ಉದ್ದ ಹಿಡಿಯ ಸೌಟಿನಿಂದ ಮೊದಲ ಬಟ್ಟಲು ಸೂಪನ್ನು ತಮಗೆ ಬೇಕಾದ ಒಬ್ಬರಿಗೆ ಬಡಿಸಬೇಕು. ಮಿಕ್ಕವರಿಗೆ ಸಪ್ಲೈಯರ್ ಬಡಿಸುತ್ತಾನೆ. ಇದರ ಸುಳಿವು ಇಸ್ತ್ರಿಯಕ್ಕನಿಗೆ ಮೊದಲು ಸಿಕ್ಕಿದ್ದು ಯಾರ ಬಾಯಿಂದಲೂ ಅಲ್ಲ, ಕಲೆಯಿಂದ. ತೊಟ್ಟಿಯ ಹತ್ತಿರ ಕೆಲಸ ಮಾಡುವಾಗ ಕೆಲವು ಮೇಜುಬಟ್ಟೆಗಳಲ್ಲಿ ನಡುವಿನಿಂದ ಯಾವುದಾದರೂ ಒಂದು ಅಂಚಿಗೆ ಹಳದಿ ಹನಿಗಳ ಸಾಲೊಂದು ಹೋಗಿರುವುದನ್ನು ನೋಡಿ, ಬಟ್ಟೆ ತರುವ ವ್ಯಾನಿನ ಡ್ರೈವರನನ್ನು ಕೇಳಿ ತಿಳಿದುಕೊಂಡಿದ್ದಳು. ಸೌಟು ಹಿಡಿದು ಅಭ್ಯಾಸವಿಲ್ಲದ ಕೈ, ಮೇಲಿಂದ ನಾಲ್ಕು ಜನ ನೋಡುತ್ತಿರುವ ನಡುಕ, ಚೆಲ್ಲದೆ ಇರುತ್ತದಾ? ಆ ಸಾಲು ಎಲ್ಲಿಗೆ ಹೋಗಿ ಮುಟ್ಟಿದೆಯೋ ಅಲ್ಲಿ ಕೂತವರು ಯಾರಿಗೋ ಎಲ್ಲರಿಗಿಂತ ಹೆಚ್ಚಿನವರು. ವರ್ಷಗಟ್ಟಲೆ ಬೇರೆಯವರ ಹನಿಗಳನ್ನು ಉಜ್ಜಿ ತೆಗೆದವಳಿಗೆ, ಒಂದು ದಿನ ಒಂದು ಸಾಲು ತನ್ನ ಕಡೆಗೂ ಬರಲಿ ಅನ್ನಿಸಿದ್ದರೆ ತಪ್ಪೇನು? ಮಗಳು ಈ ಹೋಟೆಲಿನ ಹೆಸರೆತ್ತಿದ ದಿನವೇ ಅವಳ ಎದೆ ಹೊಡೆದುಕೊಂಡಿತ್ತು. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, “ಅಯ್ಯೋ, ನಂಗ್ಯಾಕೇ, ಅಪ್ಪನಿಗೆ ಕೊಡು,” ಅನ್ನುವುದನ್ನು ಮೂರು ಸಲ ಅಭ್ಯಾಸ ಕೂಡ ಮಾಡಿದ್ದಳು. ಮೂರನೇ ಸಲ ಚೆನ್ನಾಗಿ ಬಂದಿತ್ತು.

ಹಿರಿಯ ಸಪ್ಲೈಯರ್ ಮುಚ್ಚಳವಿದ್ದ ಬೆಳ್ಳಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ನಡುವೆ ಇಟ್ಟ. ಮುಚ್ಚಳ ತೆಗೆದಾಗ ಆವಿಯ ಜೊತೆ ಕೋಳಿ, ಬೆಣ್ಣೆ, ಮೆಣಸಿನ ಘಮ ಎದ್ದಿತು. ಮೊಟ್ಟೆಯ ಹಳದಿ ಮತ್ತು ಹಾಲಿನ ಕೆನೆ ಸೇರಿಸಿ ಮಂದ ಮಾಡಿದ ಸೂಪು. ಸೌಟನ್ನು ಮಗಳ ಕೈಗೆ ಕೊಟ್ಟು ಅವನು ನೆಟ್ಟಗೆ ನಿಂತ.

“ಮೊದಲ ಬಟ್ಟಲು ಯಾರಿಗಮ್ಮಾ?”

ಇಡೀ ಹೋಟೆಲಿನಲ್ಲಿ ದೊಡ್ಡ ದನಿಯಲ್ಲಿ ಆಡುವ ಮಾತು ಅದೊಂದೇ. ಸುತ್ತಲಿನ ಮೇಜಿನವರು ಚಮಚ ಕೆಳಗಿಟ್ಟು ಈ ಕಡೆ ತಿರುಗಿದರು. ಮಗಳು ಎದ್ದು ನಿಂತಳು. ಸೌಟು ತುಂಬಿ ಎತ್ತಿದಳು. ಎತ್ತಿ, ಅಮ್ಮನ ಮುಖ ನೋಡಿದಳು. ‘ಅಯ್ಯೋ, ನಂಗ್ಯಾಕೇ’ ಅನ್ನುವುದು ಇಸ್ತ್ರಿಯಕ್ಕನ ನಾಲಿಗೆಯ ತುದಿಗೆ ಬಂದು ಕೂತಿತು.

“ಟೀಚರಿಗೆ,” ಎಂದಳು ಮಗಳು.

ಒಂದು ಹನಿ, ಎರಡು ಹನಿ, ಮೂರು. ಬಿಳಿ ಬಟ್ಟೆಯ ಮೇಲೆ ಸಾಲು ಆ ಕಡೆಗೆ ಹೋಯಿತು. ಪಕ್ಕದ ಮೇಜಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಟೀಚರ್ ಮುಖ ಕೆಂಪೇರಿ, ಕಣ್ಣು ತುಂಬಿ, ಎರಡೂ ಕೈಯಿಂದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. “ಭೇಷ್!” ಎಂದು ಅಪ್ಪ ಇನ್ನೊಂದು ಬ್ರೆಡ್ಡು ಮುರಿದ. ಜಗತ್ತು ಮುಳುಗಿದರೂ ಆ ಮನುಷ್ಯ ಬೆಣ್ಣೆ ಎಲ್ಲಿದೆ ಅಂತಲೇ ಕೇಳುವವನು. ಇಸ್ತ್ರಿಯಕ್ಕನೂ ಚಪ್ಪಾಳೆ ತಟ್ಟಿದಳು. ನಗುವನ್ನೂ ತಂದುಕೊಂಡಳು. ಎದೆಯೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆಯನ್ನು ಇಟ್ಟು ಮರೆತು ಹೋದ ಹಾಗಿತ್ತು. ಎರಡನೇ ಬಟ್ಟಲನ್ನು ಸಪ್ಲೈಯರ್ ಅವಳ ಮುಂದಿಟ್ಟ. ಒಂದೇ ಒಂದು ಹನಿ ಚೆಲ್ಲಲಿಲ್ಲ, ಪಾಪ, ಪಳಗಿದ ಕೈ.

“ಕುಡಿ ಅಮ್ಮ, ಬಿಸಿ ಇದೆ,” ಎಂದಳು ಮಗಳು.

“ಕುಡೀತೀನಿ. ನೀನು ನಿನ್ನದು ನೋಡ್ಕೋ.”

ಟೀಚರ್ ಏನೋ ಹೇಳಲೆಂದು ಮಗಳ ಕಿವಿಯ ಹತ್ತಿರಕ್ಕೆ ಬಾಗಿದಳು. ಬಾಗಿದಾಗ ಶಾಲಿನ ಒಂದು ತುದಿ ಹೆಗಲಿಂದ ಜಾರಿ ಬಟ್ಟಲಿನ ಮೇಲೆ ತೂಗತೊಡಗಿತು. ಇಸ್ತ್ರಿಯಕ್ಕ ನೋಡಿದಳು. ಒಂದು ಮಾತು ಸಾಕಿತ್ತು. ‘ಶಾಲು’ ಅಂದಿದ್ದರೆ ಮುಗಿದಿತ್ತು. ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರನ್ನೂ ತಡೆದು ‘ನಿಮ್ಮ ತೋಳಿಗೆ ಗ್ರೀಸು ತಾಗುತ್ತೆ ನೋಡಿ’ ಅನ್ನುವ ಹೆಂಗಸು ಅವಳು. ಈಗ ಒಂದು ತುಂಡು ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಅಗಿಯುತ್ತ ಕೂತಳು. ಮಗಳು ಏನೋ ಅಂದಳು, ಟೀಚರ್ ನಕ್ಕಳು, ಶಾಲಿನ ತುದಿ ಗೇಣುದ್ದ ಸೂಪಿನೊಳಗೆ ಇಳಿಯಿತು.

“ಅಯ್ಯಯ್ಯೋ!”

ಎಲ್ಲರೂ ಒಮ್ಮೆಲೇ ಎದ್ದರು. ಟೀಚರ್ ಶಾಲನ್ನು ಎತ್ತಿ ಹಿಡಿದು ಕೈಕಾಲು ಆಡದೆ ನಿಂತಳು. ಹಳದಿ ಸೂಪು ರೇಷ್ಮೆಯ ಮೇಲಿಂದ ಮೆಲ್ಲಗೆ ಇಳಿಯುತ್ತಿತ್ತು.

“ಅಮ್ಮಾ, ನಿಂಗೆ ಗೊತ್ತಲ್ಲ, ಬೇಗ ಏನಾದ್ರೂ ಮಾಡು ಅಮ್ಮ!” ಮಗಳ ದನಿಯಲ್ಲಿ ಗಾಬರಿಯಿತ್ತು, ಜೊತೆಗೆ ಭರವಸೆಯಿತ್ತು. ಅಮ್ಮನ ಕೈಗೆ ಬಂದ ಮೇಲೆ ಯಾವ ಕಲೆಯಾದರೂ ಉಳಿದದ್ದುಂಟಾ?

“ಬನ್ನಿ,” ಎಂದು ಇಸ್ತ್ರಿಯಕ್ಕ ಮುಂದೆ ನಡೆದಳು.

ಹೆಂಗಸರ ಕೈತೊಳೆಯುವ ಕೋಣೆ ಮೊಗಸಾಲೆಯ ಕೊನೆಗಿತ್ತು. ಗೋಡೆಗೆ ಬಿಳಿ ಹಂಚು, ಬಿರುಕುಬಿಟ್ಟ ದೊಡ್ಡ ಪಿಂಗಾಣಿ ತೊಟ್ಟಿ, ಅದಕ್ಕೆ ಹಳೆಯ ಕಾಲದ ಎರಡು ಹಿತ್ತಾಳೆ ನಲ್ಲಿ. ಒಂದರ ತಲೆಯ ಮೇಲೆ ಕೆಂಪು ಬೊಟ್ಟು, ಇನ್ನೊಂದರ ಮೇಲೆ ನೀಲಿ.

“ನನ್ನ ಕೈಯಲ್ಲಿ ಒಂದು ಒಳ್ಳೇ ಬಟ್ಟೆ ನಿಲ್ಲಲ್ಲ ನೋಡಿ,” ಎಂದಳು ಟೀಚರ್. “ಬರೀ ಸೀಮೆಸುಣ್ಣದ ಕೈ ನಂದು. ಇದು ಹೋಗುತ್ತಾ?”

ಇಸ್ತ್ರಿಯಕ್ಕ ಕೈ ಚಾಚಿ ಶಾಲನ್ನು ತೆಗೆದುಕೊಂಡಳು. ಕೈಯಲ್ಲಿ ಹಿಡಿದದ್ದು ಇದೇ ಮೊದಲು. ನಿಜವಾದ ರೇಷ್ಮೆ, ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಮೊಟ್ಟೆಯ ಕಲೆ, ಹಾಲಿನ ಕಲೆ, ರಕ್ತದ ಕಲೆ, ಈ ಮೂರಕ್ಕೂ ತಣ್ಣೀರೇ ಆಗಬೇಕು. ಬಿಸಿನೀರು ಸೋಕಿದರೆ ಕಲೆ ಬಟ್ಟೆಯೊಳಗೇ ಬೆಂದು ಕೂತುಬಿಡುತ್ತದೆ. ಆಮೇಲೆ ಯಾರಪ್ಪನಿಂದಲೂ ತೆಗೆಯಲಾಗುವುದಿಲ್ಲ. ಕಲೆಯ ತೊಟ್ಟಿಗೆ ಸೇರಿದವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು.

“ನಿಮಗೆ ಬೇಜಾರಾಯ್ತಲ್ವಾ?” ಟೀಚರ್ ಮೆಲ್ಲಗೆ ಕೇಳಿದಳು.

“ಯಾವುದಕ್ಕೆ?”

“ಬಟ್ಟಲಿಗೆ.”

ಬೇಜಾರಂತೆ! ಕಿತ್ತುಕೊಳ್ಳುವುದನ್ನೆಲ್ಲ ಕಿತ್ತುಕೊಂಡು ಬೇಜಾರಾಯ್ತಾ ಅಂತ ಕೇಳುವ ನಯ ನೋಡು. ಇಸ್ತ್ರಿಯಕ್ಕನ ಕಿವಿಯೆಲ್ಲ ಬಿಸಿಯಾಯಿತು. “ಅದರಲ್ಲೇನಿದೆ? ಸೂಪು ತಾನೆ,” ಅಂದವಳೇ ಕೆಂಪು ಬೊಟ್ಟಿನ ನಲ್ಲಿಯನ್ನು ತಿರುಗಿಸಿದಳು.

ಹಳೆಯ ಕಟ್ಟಡ. ಕೊಳವೆ ಗೊರಗೊರ ಎಂದು ಮೊದಲು ತಣ್ಣೀರನ್ನೇ ಕಕ್ಕಿತು. ಇಸ್ತ್ರಿಯಕ್ಕ ಶಾಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ನೀರಿಗೆ ಕೊಟ್ಟು ಕಾದಳು.

ಟೀಚರ್ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಹೇಳಿದಳು, “ನಾನೊಂದು ಮಾತು ಹೇಳ್ಲಾ? ಹೊರಗಿನವರು ಬಂದಾಗ ಅವರಿಗೆ ಮೊದಲು ಬಡಿಸ್ತೀವಿ. ಮನೆಯವರು ಕಾಯ್ತಾರೆ, ಅಲ್ವಾ? ಸೌಟು ಎತ್ತಿದಾಗ ಅವಳು ನಿಮ್ಮ ಮುಖ ನೋಡಿದಳು. ನೀವು ಕಾಯ್ತೀರಿ ಅಂತ ಅವಳಿಗೆ ಗೊತ್ತು. ನನ್ನ ಮುಖ ನೋಡಲೇ ಇಲ್ಲ. ಎಂಟು ವರ್ಷ ಆಯ್ತು, ಇವತ್ತಿಗೂ ನಮ್ಮನೆಗೆ ಬಂದರೆ ‘ನಾನು ಒಂದು ಲೋಟ ನೀರು ತಗೊಳ್ಲಾ’ ಅಂತ ಕೇಳಿ ತಗೋತಾಳೆ. ನಿಮ್ಮ ಹತ್ರ ಜಗಳ ಆಡ್ತಾಳಂತಲ್ಲ?”

“ದಿನಾ.”

“ನನ್ನ ಹತ್ರ ಒಂದು ಸಲಾನೂ ಆಡಿಲ್ಲ.”

ಇಸ್ತ್ರಿಯಕ್ಕ ಕೇಳಿಸಿಕೊಂಡಳು. ಒಂದೊಂದು ಮಾತೂ ಕೇಳಿಸಿತು. ಆದರೆ ಕಿವಿಗೆ ಬಿದ್ದದ್ದು ಹೊಟ್ಟೆಯವರೆಗೆ ಇಳಿಯಲು ಹೊತ್ತು ಬೇಕಾಗುತ್ತದೆ, ಅಷ್ಟರಲ್ಲಿ ನೀರು ಬೆಚ್ಚಗಾಗಿತ್ತು, ಆಮೇಲೆ ಬಿಸಿಯಾಯಿತು, ಆಮೇಲೆ ಹೊಗೆಯಾಡಿತು. ಬೆರಳು ಚುರ್ ಎಂದಾಗ ಅವಳು ಶಾಲಿನ ತುದಿಯನ್ನು ಧಾರೆಯ ಕೆಳಗೆ ಹಿಡಿದಳು. ಹಳದಿ ಲೇಪ ಒಂದು ಕ್ಷಣ ಅಲುಗಿತು. ನೋಡನೋಡುತ್ತ ಬಿಳಿಚಿಕೊಂಡು ಸಣ್ಣ ಸಣ್ಣ ಅಗುಳುಗಳಾಗಿ ನೇಯ್ಗೆಯ ಒಳಗೆ ಕಚ್ಚಿಕೊಂಡಿತು. ರೇಷ್ಮೆಯ ಹೊಳಪು ಗೇಣುದ್ದ ಸತ್ತುಹೋಯಿತು. ಅವಳಿಗೆ ಖುಷಿಯಾಯಿತು. ಸುಳ್ಳೇಕೆ, ಚೆನ್ನಾಗಿಯೇ ಖುಷಿಯಾಯಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ, ಅಷ್ಟೆ. ಕೈಗೆ ಬಂದ ಬಟ್ಟೆಯನ್ನು ತಾನೇ ಕೆಡಿಸಿದ್ದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ಅನ್ನುವುದು ನೆನಪಾಗಿ, ಗಡಬಡಿಸಿ ನಲ್ಲಿ ನಿಲ್ಲಿಸಿ, ಉಗುರಿನಿಂದ ಉಜ್ಜಿದಳು. ಏನೂ ಪ್ರಯೋಜನವಾಗಲಿಲ್ಲ.

“ಹೋಗ್ತಾ ಇದೆಯಾ?”

“ಗಟ್ಟಿ ಕಲೆ,” ಎಂದಳು ಇಸ್ತ್ರಿಯಕ್ಕ. ಶಾಲನ್ನು ಹಿಂಡದೆ ಹಾಗೇ ಮಡಿಸಿ ಹಿಡಿದು ಹೊರಟಳು.

ಇವರು ಬರುವುದನ್ನು ಕಂಡು ಮಗಳು ಎದ್ದು ನಾಲ್ಕು ಹೆಜ್ಜೆ ಮುಂದೆ ಬಂದಳು. “ಹೋಯ್ತಾ ಅಮ್ಮ? ಹೋಗಿರುತ್ತೆ ಬಿಡಿ ಟೀಚರ್, ನಮ್ಮಮ್ಮ ಅಂದ್ರೆ ಏನಂದ್ಕೊಂಡಿದೀರಿ,” ಎನ್ನುತ್ತ ಶಾಲನ್ನು ಕೈಗೆ ತೆಗೆದುಕೊಂಡಳು. ತೆಗೆದುಕೊಂಡವಳು ಮಾತು ನಿಲ್ಲಿಸಿದಳು. ಒದ್ದೆ ಬಟ್ಟೆ ಇನ್ನೂ ಬೆಚ್ಚಗಿತ್ತು.

ಈ ಹುಡುಗಿ ಬೆಳೆದದ್ದೇ ಲಾಂಡ್ರಿಯ ತೊಟ್ಟಿಯ ಪಕ್ಕದಲ್ಲಿ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅಕ್ಷರ ಕಲಿಯುವ ಮೊದಲೇ ಯಾವ ಕಲೆಗೆ ಯಾವ ನೀರು ಅನ್ನುವುದನ್ನು ಅಮ್ಮನಿಗೆ ಒಪ್ಪಿಸುತ್ತಿದ್ದವಳು. ತುದಿಯನ್ನು ಬಿಡಿಸಿ ನೋಡಿದಳು. ಬೆಂದು ಕೂತ ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಬಿಸಿನೀರಲ್ಲಿ ತೊಳೆದ್ರಾ?”

ಯಾರನ್ನು ಕೇಳಿದಳೋ, ಕಣ್ಣು ಮಾತ್ರ ಶಾಲಿನ ಮೇಲೇ ಇತ್ತು. ಟೀಚರ್ ಮಗಳ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಇಪ್ಪತ್ತು ವರ್ಷ ತರಗತಿಯ ಮುಂದೆ ನಿಂತವಳು. ತಪ್ಪು ಮಾಡಿದವರ ಮುಖ ಹೇಗಿರುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನಾನೇ ಕಣಮ್ಮ,” ಎಂದಳು ಟೀಚರ್. “ಗಾಬರೀಲಿ ಬಿಸಿನೀರಿನ ನಲ್ಲಿ ತಿರುಗಿಸಿಬಿಟ್ಟೆ. ಅಮ್ಮ ಬೇಡ ಬೇಡ ಅನ್ನೋಷ್ಟರಲ್ಲಿ ಆಗಿಹೋಯ್ತು.”

ಮಗಳ ಬಿಗಿದ ಮುಖ ಸಡಿಲವಾಯಿತು. “ಅಯ್ಯೋ, ಹೋಗ್ಲಿ ಬಿಡಿ ಟೀಚರ್. ನಿಮಗೆ ಹೇಗೆ ಗೊತ್ತಾಗಬೇಕು.”

“ಮಡಿಸಿ ಹೊದ್ಕೊಂಡ್ರೆ ಕಾಣೋದೂ ಇಲ್ಲ,” ಎಂದ ಅಪ್ಪ, ಕೂತಲ್ಲಿಂದಲೇ.

ಅಲ್ಲಿಗೆ ಮುಗಿದಿತ್ತು. ಇಸ್ತ್ರಿಯಕ್ಕ ಹೋಗಿ ತನ್ನ ಕುರ್ಚಿಯಲ್ಲಿ ಕೂತಿದ್ದರೆ ಸಾಕಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ; ತಿಳಿದ ಒಬ್ಬಳು ಬಾಯಿ ಬಿಡುವವಳಲ್ಲ. ಅದೇ ತಡೆಯಲಾಗಲಿಲ್ಲ. ಮೊದಲ ಬಟ್ಟಲು ಇವಳಿಗೆ. ರೇಷ್ಮೆ ಇವಳಿಗೆ. ಈಗ ಈ ದೊಡ್ಡತನವೂ ಇವಳ ಪಾಲಿಗೇ ಹೋಗಬೇಕಾ? ನನ್ನ ಮಗಳ ಮುಂದೆ ಒಳ್ಳೆಯವಳಾಗುವುದಕ್ಕೆ ಇವಳಿಗೆ ನನ್ನ ತಪ್ಪೂ ಬೇಕಾಯಿತಾ? ಇನ್ನು ಸಾಯುವವರೆಗೆ ಈ ಹೆಂಗಸಿನ ಮುಂದೆ ತಲೆ ತಗ್ಗಿಸಿಕೊಂಡು ಬದುಕುವುದಾ?

“ಸುಳ್ಳು,” ಎಂದಳು ಇಸ್ತ್ರಿಯಕ್ಕ.

“ಅಮ್ಮಾ?”

“ನಲ್ಲಿ ತಿರುಗಿಸಿದ್ದು ನಾನು. ಗೊತ್ತಿದ್ದೇ ತಿರುಗಿಸಿದೆ. ನೀರು ಕಾಯೋವರೆಗೂ ನಿಂತು, ಆಮೇಲೆ ಹಿಡಿದೆ. ಶಾಲು ಬಟ್ಟಲಿಗೆ ಬೀಳೋದನ್ನೂ ನೋಡ್ತಾ ಕೂತಿದ್ದೆ. ಹೊಟ್ಟೆ ಉರೀತು, ಮಾಡಿದೆ. ಅವರು ಯಾಕೆ ಹೊತ್ಕೋಬೇಕು? ನಂದು ಅದು.”

ದನಿ ಎಷ್ಟು ಎತ್ತರಕ್ಕೆ ಹೋಗಿತ್ತೆಂದರೆ ಪಕ್ಕದ ಮೇಜಿನವರು ಮತ್ತೆ ಚಮಚ ಕೆಳಗಿಟ್ಟರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪನ ಬೆಣ್ಣೆಯ ಚಾಕು ಅರ್ಧಕ್ಕೇ ನಿಂತಿತು. ಟೀಚರ್ ತಲೆ ತಗ್ಗಿಸಿ ಹೋಗಿ ಕುರ್ಚಿಯ ಅಂಚಿನಲ್ಲಿ ಕೂತಳು. ಮಗಳು ಅಮ್ಮನನ್ನು ದಿಟ್ಟಿಸಿ ನೋಡಿದಳು. ಚಿಕ್ಕಂದಿನಲ್ಲಿ ಸಿಟ್ಟು ಬಂದಾಗ ಅರಳುತ್ತಿದ್ದ ಹಾಗೆ ಮೂಗಿನ ಹೊಳ್ಳೆಗಳು ಅರಳಿದ್ದವು. ಶಾಲನ್ನು ತನ್ನ ಕುರ್ಚಿಯ ಬೆನ್ನಿಗೆ ಹರಡಿ ಕೂತುಕೊಂಡಳು.

ಇಸ್ತ್ರಿಯಕ್ಕನೂ ಕೂತಳು. ಎದ್ದು ಹೋಗಿಬಿಡಲೇ ಅನ್ನಿಸಿತು. ಎಲ್ಲಿಗೆ ಹೋಗುವುದು? ಹೋದರೂ ಇದೇ ಮಗಳು ಬರುವುದು ಅದೇ ಮನೆಗೆ. ಮಗಳು ಇನ್ನು ತನ್ನನ್ನು ಎಂಥ ಹೆಂಗಸು ಅಂದುಕೊಂಡಾಳು? ಸೋಮವಾರ ಮೊದಲ ಸಲ ಟ್ರೈನು ಹತ್ತುವವಳ ಇವತ್ತಿನ ದಿನವನ್ನು ತಾನೇ ಕೈಯಾರೆ ಕೆಡಿಸಿದ್ದಳು. ಇಷ್ಟು ಜನರ ಮುಂದೆ ಅಳುವುದೊಂದು ಬಾಕಿ ಉಳಿದಿದೆ ಅಂದುಕೊಂಡು ಹಲ್ಲು ಕಚ್ಚಿ ಹಿಡಿದಳು.

ಹಿರಿಯ ಸಪ್ಲೈಯರ್ ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಬಟ್ಟಲುಗಳನ್ನು ಎತ್ತಿದ. ಇಸ್ತ್ರಿಯಕ್ಕನ ಬಟ್ಟಲು ತುಂಬಿದ್ದ ಹಾಗೇ ಹೋಯಿತು. ಅವನು ಮತ್ತೆ ಬಂದು ನಾಲ್ವರ ಮುಂದೂ ಒಂದೊಂದು ತಟ್ಟೆ ಇಟ್ಟ. ತಲೆ ಬಾಲದ ಸಮೇತ ಹುರಿದ ಒಂದೊಂದು ಇಡೀ ಮೀನು. ಪಕ್ಕದಲ್ಲಿ ಚಪ್ಪಟೆ ಚಾಕು, ಮುಳ್ಳುಚಮಚ. ಯಾರೂ ಕೈ ಹಚ್ಚಲಿಲ್ಲ. ಇಸ್ತ್ರಿಯಕ್ಕ ಚಾಕು ಎತ್ತಿದಳು. ಅದು ತಟ್ಟೆಗೆ ತಾಗಿ ಟಣ್ ಎಂದಿತು. ಕೆಳಗಿಟ್ಟುಬಿಟ್ಟಳು.

ಮಗಳು ಕೈ ಚಾಚಿ ಅಮ್ಮನ ತಟ್ಟೆಯನ್ನು ಸರ್ ಎಂದು ತನ್ನ ಕಡೆಗೆ ಎಳೆದುಕೊಂಡಳು. ಮುಖ ಇನ್ನೂ ಬಿಗಿದೇ ಇತ್ತು. ಚಾಕುವಿನಿಂದ ಮೀನಿನ ಬೆನ್ನನ್ನು ಸೀಳಿ, ನಡುವಿನ ಮುಳ್ಳನ್ನು ತಲೆಯ ಸಮೇತ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಚಾಕು ಬಿಟ್ಟು, ಹೋಟೆಲು ಗೀಟೆಲು ನೋಡದೆ, ಬರಿಗೈಯಲ್ಲೇ ಸಣ್ಣ ಮುಳ್ಳುಗಳನ್ನು ಹುಡುಕಿ ಹುಡುಕಿ ತೆಗೆಯತೊಡಗಿದಳು.

“ಮನೆಗೆ ನಡಿ, ಇದೆ ನಿಂಗೆ,” ಎಂದಳು, ತಲೆ ಎತ್ತದೆ.

“ಹೂಂ,” ಎಂದಳು ಇಸ್ತ್ರಿಯಕ್ಕ.

“ಮಾತಾಡಬೇಡ ನನ್ನ ಹತ್ರ. ಸುಮ್ನೆ ಕೂತ್ಕೋ. ಮುಳ್ಳು ಜಾಸ್ತಿ ಇದೆ ಇದರಲ್ಲಿ.”

ಇಸ್ತ್ರಿಯಕ್ಕ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು. ಮಗಳು ಒಂದೊಂದೇ ಮುಳ್ಳನ್ನು ತೆಗೆದು ತಟ್ಟೆಯ ಅಂಚಿಗೆ ಒರೆಸುತ್ತಿದ್ದಳು. ಅಪ್ಪ ಆಗಲೇ ತಿನ್ನಲು ಶುರು ಮಾಡಿದ್ದ. ಟೀಚರ್ ಮುಂದಿನ ಮೀನು ಇಟ್ಟಲ್ಲೇ ಇತ್ತು. ಅವಳು ಮಗಳ ಬೆರಳುಗಳನ್ನು, ಆ ತಟ್ಟೆಯನ್ನು, ಕಣ್ಣು ತೆಗೆಯದೆ ನೋಡುತ್ತಿದ್ದಳು.